ಎಂಟು ಕೂಡಿಸು ಎಂಟು, ಒಟ್ಟು ಎಂಟು

ಗಣಿತದ ನಿಯಮ ತಿದ್ದುವ ಅಧಿಕಾರ ಈಗ ಮೊಬೈಲ್ ಡಬ್ಬಿಗೆ ಸ್ಟಿಕ್ಕರ್ ಅಂಟಿಸುವವರ ಕೈಯಲ್ಲಿದೆ. ಅಗ್ಗದ ಫೋನಿನ ಡಬ್ಬಿಯ ಮೇಲೆ ‘16 ಜಿಬಿ ರ‍್ಯಾಮ್’ ಎಂದು ದಪ್ಪಕ್ಷರದಲ್ಲಿರುತ್ತದೆ, ಪಕ್ಕದಲ್ಲೊಂದು ಪುಟಾಣಿ ನಕ್ಷತ್ರ. ಆ ನಕ್ಷತ್ರದ ಬೆನ್ನು ಹತ್ತಿ ಡಬ್ಬಿಯ ತಳಕ್ಕೆ ಹೋದರೆ ಭೂತಗನ್ನಡಿಗೆ ಮಾತ್ರ ಕಾಣುವ ಅಕ್ಷರದಲ್ಲಿ ‘8+8’ ಸಿಗುತ್ತದೆ. ಮೊದಲ ಎಂಟು, ತೆರೆದ ಆ್ಯಪ್‌ಗಳು ಕೆಲಸ ಮಾಡುವ ವೇಗದ ಮೆಮೊರಿ, ಅಂದರೆ ನಿಜದ ರ‍್ಯಾಮ್. ಎರಡನೆಯ ಎಂಟು, ನೀವು ಫೋಟೊ ಇಡಲೆಂದು ಕಾಸು ಕೊಟ್ಟು ಕೊಂಡ ಸ್ಟೋರೇಜ್‌ನಿಂದಲೇ ಕಿತ್ತು, ‘ವರ್ಚುವಲ್ ರ‍್ಯಾಮ್’ ಎಂದು ನಾಮಕರಣ ಮಾಡಿ, ನಿಮಗೇ ಉಡುಗೊರೆ ಕೊಟ್ಟದ್ದು. ಎಡಜೇಬಿನ ನೋಟನ್ನು ಬಲಜೇಬಿಗೆ ಇಟ್ಟು ಸಂಬಳ ಏರಿತು ಅಂದ ಹಾಗೆ.

ಸ್ಟೋರೇಜ್ ಯಾಕೆ ರ‍್ಯಾಮ್ ಆಗಲಾರದು? ಅಗ್ಗದ ಫೋನಿನ ರ‍್ಯಾಮ್ ಕೂಡ ಸೆಕೆಂಡಿಗೆ 10 ಜಿಬಿಗಿಂತ ಹೆಚ್ಚು ಮಾಹಿತಿ ಸಾಗಿಸುತ್ತದೆ. ಅದೇ ಫೋನಿನಲ್ಲಿರುವ ಇಎಂಎಂಸಿ 5.1 ಎಂಬ ಅಗ್ಗದ ಮಾದರಿಯ ಸ್ಟೋರೇಜ್‌ಗೆ ಕಾಗದದ ಮೇಲಿನ ಮಿತಿಯೇ 400 ಎಂಬಿ. ಬಳಕೆಯಲ್ಲಿ 300ರ ಆಸುಪಾಸು. ಜತೆಗೆ ಇಎಂಎಂಸಿ ಓದುವಾಗ ಬರೆಯಲಾರದು, ಬರೆಯುವಾಗ ಓದಲಾರದು. ಹಿನ್ನೆಲೆಯಲ್ಲಿ ನಾಲ್ಕು ಆ್ಯಪ್ ಅಪ್‌ಡೇಟ್ ಆಗುತ್ತಿರುವಾಗ ಕ್ಯಾಮೆರಾ ಒತ್ತಿ ನೋಡಿ. ಪರದೆ ಕಪ್ಪಗೆ ನಿಂತಿರುತ್ತದೆ, ಎದುರಿಗೆ ನಿಂತವರ ನಗು ಒಣಗುತ್ತಿರುತ್ತದೆ. ಯುಎಫ್‌ಎಸ್ 2.2 ಎಂಬ ಮೇಲ್ದರ್ಜೆಯ ಸ್ಟೋರೇಜ್ ಇದ್ದಿದ್ದರೆ ವೇಗ ಸುಮಾರು 1000 ಎಂಬಿ, ಓದು ಬರಹ ಎರಡೂ ಏಕಕಾಲಕ್ಕೆ. ಎರಡು ವರ್ಷದ ನಂತರ ಫೋನು ಓಡುತ್ತದೋ ತೆವಳುತ್ತದೋ ಎಂಬುದನ್ನು ಬಹುಮಟ್ಟಿಗೆ ಸ್ಟೋರೇಜ್ ಯಾವ ಜಾತಿಯದು ಎಂಬ ಈ ಒಂದು ಸಾಲು ನಿರ್ಧರಿಸುತ್ತದೆ. ಬಹುಶಃ ಅದಕ್ಕೇ ಅದು ಡಬ್ಬಿಯ ಮುಖದ ಮೇಲೆ ಬರುವುದಿಲ್ಲ.

ಇಎಂಎಂಸಿ ಫೋನು ಈಗಾಗಲೇ ಕೈಯಲ್ಲಿದ್ದರೆ ಮಾಡಬೇಕಾದದ್ದು ಎರಡೇ. ಸೆಟ್ಟಿಂಗ್ಸ್‌ಗೆ ಹೋಗಿ ಆ ದಾನದ ರ‍್ಯಾಮ್ ಅನ್ನು ಆಫ್ ಮಾಡುವುದು, ಮತ್ತು ಸ್ಟೋರೇಜ್‌ನ ಐದನೇ ಒಂದು ಭಾಗವನ್ನು ಸದಾ ಖಾಲಿ ಇಡುವುದು. ತುಂಬಿದ ಸ್ಟೋರೇಜ್ ಚಿಪ್ ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಸರಿಸಿ, ಅಳಿಸಿ ಜಾಗ ಮಾಡಿಕೊಳ್ಳಬೇಕು. ‘ಗುಡ್ ಮಾರ್ನಿಂಗ್’ ಚಿತ್ರಗಳ ಸಂಗ್ರಹ ಫೋನನ್ನು ನಿಧಾನ ಮಾಡುವುದು ಹೀಗೆ.

ದುಬಾರಿ ಫೋನಿನವರು ಇದನ್ನು ಓದಿ ನಗುತ್ತಿರಬಹುದು. ನಗಲಿ. ಅವರ ಡಬ್ಬಿಯಲ್ಲಿ ಚಾರ್ಜರೇ ಇಲ್ಲ.

ಈ ಕಳೆಯುವ ಲೆಕ್ಕ ಶುರುವಾದದ್ದು 2016ರಲ್ಲಿ. ಐಫೋನ್ 7ರಿಂದ ಇಯರ್‌ಫೋನ್ ತೂತು ತೆಗೆದುಹಾಕಿದ ಆ್ಯಪಲ್, ಅದಕ್ಕೆ ಕಾರಣ ‘ಧೈರ್ಯ’ ಎಂದು ವೇದಿಕೆಯ ಮೇಲೆಯೇ ಹೇಳಿತು. ಸ್ಯಾಮ್‌ಸಂಗ್ ಜಾಹೀರಾತಿನಲ್ಲಿ ಅದನ್ನು ಗೇಲಿ ಮಾಡಿತು; 2019ರ ನೋಟ್ 10ರಲ್ಲಿ ಅದಕ್ಕೂ ಧೈರ್ಯ ಬಂತು. 2020ರಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಮಾಯವಾಯಿತು, ಪರಿಸರದ ಹೆಸರಿನಲ್ಲಿ. ಸ್ಯಾಮ್‌ಸಂಗ್ ಮತ್ತೆ ಗೇಲಿ ಮಾಡಿತು, 2021ರ ಜನವರಿಯಲ್ಲಿ ಎಸ್21 ಬರುವ ಹೊತ್ತಿಗೆ ಅದಕ್ಕೂ ಪರಿಸರ ಪ್ರೇಮ ಉಕ್ಕಿತು. ಎಷ್ಟೋ ಅಗ್ಗದ ಫೋನುಗಳು ಇಂದಿಗೂ ತೂತು, ಚಾರ್ಜರ್, ಮೆಮೊರಿ ಕಾರ್ಡ್ ಜಾಗ ಮೂರನ್ನೂ ಇಟ್ಟುಕೊಂಡಿವೆ. ಧೈರ್ಯ ಸಾಲದು ಪಾಪ.

2023ರ ಐಫೋನ್ 15 ಪ್ರೊ ಇನ್ನೂ ಸ್ವಾರಸ್ಯದ್ದು. ಫೋನಿನ ಯುಎಸ್‌ಬಿ-ಸಿ ಸೆಕೆಂಡಿಗೆ 10 ಗಿಗಾಬಿಟ್ ವೇಗದ್ದು. ಡಬ್ಬಿಯಲ್ಲಿ ಕೊಟ್ಟ ಕೇಬಲ್ ಯುಎಸ್‌ಬಿ 2 ವೇಗದ್ದು, ಅಂದರೆ 480 ಮೆಗಾಬಿಟ್. ಆ ಗುಣಮಟ್ಟ ಹುಟ್ಟಿದ್ದು 2000ದಲ್ಲಿ. ಫೋನು ಕೊಂಡವರು ಅದರ ವೇಗವನ್ನು ಬೇರೆಯಾಗಿ ಕೊಳ್ಳಬೇಕು.

ಇನ್ನು ಕ್ಯಾಮೆರಾ. ಇಲ್ಲಿ ಮಾತ್ರ ಬಡವ ಬಲ್ಲಿದ ಎಂಬ ಭೇದವಿಲ್ಲ, ಎರಡೂ ಕಡೆ ಸಮಾನವಾಗಿ ಊದುತ್ತಾರೆ. 200 ಮೆಗಾಪಿಕ್ಸೆಲ್ ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಸುಮಾರು 0.6 ಮೈಕ್ರಾನ್. ಅಷ್ಟು ಸಣ್ಣ ಜಾಗಕ್ಕೆ ಬೀಳುವ ಬೆಳಕು ಏನೇನೂ ಸಾಲದು. ಹಾಗಾಗಿ 16 ಪಿಕ್ಸೆಲ್‌ಗಳನ್ನು ಒಂದಾಗಿ ಕಟ್ಟಿ ಫೋಟೊ ತೆಗೆಯುತ್ತದೆ. 200 ಭಾಗಿಸು 16, ಹನ್ನೆರಡೂವರೆ. 108 ಮೆಗಾಪಿಕ್ಸೆಲ್‌ನದ್ದು ಒಂಬತ್ತೊಂಬತ್ತರ ಕಟ್ಟು, ಕೈಗೆ ಬರುವುದು 12. 50 ಮೆಗಾಪಿಕ್ಸೆಲ್‌ನದ್ದು ನಾಲ್ನಾಲ್ಕರ ಕಟ್ಟು, ಮತ್ತೆ ಹನ್ನೆರಡೂವರೆ. ಅಳಿಯ ಅಲ್ಲ, ಮಗಳ ಗಂಡ. ಐಫೋನು 2015ರಿಂದ 2021ರವರೆಗೆ ನೇರವಾಗಿ 12 ಎಂದೇ ಬರೆದುಕೊಂಡು ಬಂತು. 2022ರಲ್ಲಿ ಅದಕ್ಕೂ ಸಹವಾಸದೋಷ ತಗುಲಿ 48 ಆಯಿತು.

ಅಗ್ಗದ ಫೋನಿನ ಬೆನ್ನಿನಲ್ಲಿ ಮೂರು ಕಣ್ಣಿರುತ್ತವೆ. ಒಂದು ನೋಡುತ್ತದೆ. ಉಳಿದೆರಡು ‘ಡೆಪ್ತ್’ ಮತ್ತು ‘ಮ್ಯಾಕ್ರೊ’, ತಲಾ 2 ಮೆಗಾಪಿಕ್ಸೆಲ್, ಅಂದರೆ 1600 ಗುಣಿಸು 1200ರ ಚಿತ್ರ. ಮ್ಯಾಕ್ರೊ ಲೆನ್ಸ್‌ಗೆ ಬಹುಪಾಲು ಫೋಕಸ್ ಬದಲಿಸುವ ಯಂತ್ರವೇ ಇರುವುದಿಲ್ಲ. ನಿಗದಿಯಾದ ನಾಲ್ಕು ಸೆಂಟಿಮೀಟರ್ ಆಸುಪಾಸಿನಲ್ಲಿ ಇರುವೆ ಬಂದು ಕೂತರೆ ಇರುವೆಯ ಪುಣ್ಯ. ಆ ಎರಡು ಅಲಂಕಾರದ ಬದಲು ಮುಖ್ಯ ಲೆನ್ಸ್‌ಗೆ ಒಐಎಸ್ ಕೊಟ್ಟಿದ್ದರೆ ಸಂಜೆಯ ಫೋಟೊಗಳು ಉಳಿಯುತ್ತಿದ್ದವು. ಮಂದ ಬೆಳಕಿನಲ್ಲಿ ಶಟರ್ ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ, ಆ ಹೊತ್ತಿನಲ್ಲಿ ಕೈ ಅಲುಗುತ್ತದೆ, ಒಐಎಸ್ ಲೆನ್ಸನ್ನೇ ಎದುರು ದಿಕ್ಕಿಗೆ ಸರಿಸಿ ಅದನ್ನು ಸರಿದೂಗಿಸುತ್ತದೆ. ಆದರೆ ಓಡುವ ಮಗುವನ್ನು ಅದೂ ನಿಲ್ಲಿಸಲಾರದು. ಅದಕ್ಕೆ ದೊಡ್ಡ ಸೆನ್ಸರ್ ಬೇಕು. ದುಬಾರಿ ಫೋನು ನಿಜಕ್ಕೂ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಇಲ್ಲಿ: ಮಂದ ಬೆಳಕು, ಓಡುವ ಮಕ್ಕಳು, ದೂರದ ವೇದಿಕೆ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಮನುಷ್ಯನ ಫೋಟೊ ನೋಡಿ ಎರಡರ ವ್ಯತ್ಯಾಸ ಹೇಳಲು ಹೊರಡುವವರು ಮೊದಲು ಎರಡರ ಹೆಸರನ್ನೂ ಮುಚ್ಚಿಟ್ಟು ಪ್ರಯತ್ನಿಸಬೇಕು.

ಚಂದ್ರನ ವಿಷಯ ಬೇರೆ. 2023ರಲ್ಲಿ ಬಳಕೆದಾರರೊಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಕುಗ್ಗಿಸಿ, ಮಸುಕು ಮಾಡಿ, ಕಂಪ್ಯೂಟರ್ ಪರದೆಯಲ್ಲಿ ಹಾಕಿ, ಕತ್ತಲ ಕೋಣೆಯಿಂದ ಸ್ಯಾಮ್‌ಸಂಗ್‌ನ ಫ್ಲ್ಯಾಗ್‌ಶಿಪ್‌ನಲ್ಲಿ, ಅಂದರೆ ಅದರ ಅತಿ ದುಬಾರಿ ಫೋನಿನಲ್ಲಿ, ಸೆರೆಹಿಡಿದರು. ಪರದೆಯ ಮೇಲಿಲ್ಲದ ಕುಳಿಗಳೆಲ್ಲ ಫೋಟೊದಲ್ಲಿ ಪ್ರತ್ಯಕ್ಷವಾದವು. ಇದು ಎಐ ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ಸೌಲಭ್ಯ ಎಂದು ಕಂಪನಿ ವಿವರಿಸಿತು. ಚಂದ್ರ ಅದಾಗಲೇ ಫೋನಿನೊಳಗೇ ಇದ್ದ ಮೇಲೆ ಕತ್ತೆತ್ತುವ ಕಷ್ಟ ಯಾಕೆ?

ಪರದೆಯ ಹೊಳಪಿನಲ್ಲೂ ಇದೇ ನಾಟಕ. ‘4500 ನಿಟ್ಸ್’ ಎಂಬ ದೊಡ್ಡ ಅಂಕಿ ಪರದೆಯ ಚಿಟಿಕೆಯಷ್ಟು ಜಾಗದಲ್ಲಿ, ಎಚ್‌ಡಿಆರ್ ವಿಡಿಯೊದಲ್ಲಿ, ಕ್ಷಣಕಾಲ ಮಿನುಗುವ ಹೊಳಪು. ಬಿಸಿಲಿನಲ್ಲಿ ಮೆಸೇಜ್ ಓದಲು ಬೇಕಾದದ್ದು ಇಡೀ ಪರದೆಯ ಹೊಳಪು, ಕಂಪನಿಗಳು ಎಚ್‌ಬಿಎಂ ಎಂದು ಬರೆಯುವ ಅಂಕಿ. ಅದು ದೊಡ್ಡ ಅಂಕಿಯ ಅರ್ಧಕ್ಕಿಂತಲೂ ಕಡಿಮೆ ಇರುವುದೇ ಹೆಚ್ಚು. ಅಗ್ಗದ ಕೆಲವು ಫೋನುಗಳಲ್ಲಿ ಇನ್ನೊಂದು ಮೋಜು: ಪರದೆ ಫುಲ್ ಎಚ್‌ಡಿ, ವೈಡ್‌ವೈನ್ ಎಂಬ ವಿಡಿಯೊ ನಕಲು ತಡೆಯುವ ವ್ಯವಸ್ಥೆಯ ಪರವಾನಗಿ ಮಾತ್ರ ಕೆಳದರ್ಜೆಯ ಎಲ್3. ಎಲ್1 ಇಲ್ಲದ ಫೋನಿಗೆ ದೊಡ್ಡ ಸ್ಟ್ರೀಮಿಂಗ್ ಆ್ಯಪ್‌ಗಳು ಎಚ್‌ಡಿ ಕಳಿಸುವುದಿಲ್ಲ, ಸುಮಾರು 480ಪಿಗೆ ನಿಲ್ಲಿಸುತ್ತವೆ. ತಟ್ಟೆ ಅಗಲ, ಬಡಿಸುವವನದೇ ಬಿಗಿ.

ಫ್ಲ್ಯಾಗ್‌ಶಿಪ್‌ನ ಚಿಪ್ ಬಗ್ಗೆ ಬೆಂಚ್‌ಮಾರ್ಕ್ (ವೇಗ ಅಳೆಯುವ ಆ್ಯಪ್‌ನ ಅಂಕ) ಹಿಡಿದು ಎದೆ ತಟ್ಟಿಕೊಳ್ಳುವವರು 3ಡಿ‌ಮಾರ್ಕ್‌ನ ಸ್ಟ್ರೆಸ್ ಟೆಸ್ಟ್ ಓಡಿಸಿ ನೋಡಲಿ. ಒಂದು ನಿಮಿಷದ ಓಟ, 20 ಸಲ. ಮೊದಲ ಓಟದ ಅಂಕವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಇಪ್ಪತ್ತನೆಯದನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಕಾದ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಂಡು ಅರ್ಧದ ಹತ್ತಿರ ಬಂದಿರುವುದೂ ಉಂಟು. 2022ರಲ್ಲಿ ಸ್ಯಾಮ್‌ಸಂಗ್ ಎಸ್22, ಆ್ಯಪ್‌ಗಳ ವೇಗ ತಗ್ಗಿಸಿ ಬೆಂಚ್‌ಮಾರ್ಕ್ ಆ್ಯಪ್‌ಗೆ ಮಾತ್ರ ರಿಯಾಯಿತಿ ಕೊಟ್ಟದ್ದು ಬಯಲಾಗಿ, ಅಂಥದೇ ಒಂದು ಆ್ಯಪ್ ಆದ ಗೀಕ್‌ಬೆಂಚ್ ತನ್ನ ಪಟ್ಟಿಯಿಂದಲೇ ಆ ಸರಣಿಯನ್ನು ಕಿತ್ತುಹಾಕಿತು. ಪರೀಕ್ಷೆಯ ದಿನ ಮಾತ್ರ ಓದುವ ಹುಡುಗ ಕೂಡ ಇಷ್ಟು ಚುರುಕಾಗಿರಲಾರ.

ಟೈಟಾನಿಯಂ ಕಥೆಯನ್ನು ಬೇಗ ಮುಗಿಸೋಣ. 2023ರಲ್ಲಿ ಆ್ಯಪಲ್, 2024ರಲ್ಲಿ ಸ್ಯಾಮ್‌ಸಂಗ್ ಅದನ್ನು ಹಾಡಿ ಹೊಗಳಿದವು. 2025ರಲ್ಲಿ ಐಫೋನ್ 17 ಪ್ರೊ ಅಲ್ಯೂಮಿನಿಯಂಗೆ ಮರಳಿತು, ಶಾಖ ಹರಡಲು ಅದೇ ಒಳ್ಳೆಯದಂತೆ. ಕೊಂಡವರಿಗೆ ಎರಡೂ ಒಂದೇ. ಎರಡಕ್ಕೂ ಸಿಲಿಕೋನ್ ಕವರು ಹಾಕಿದ ಮೇಲೆ ಒಳಗಿರುವ ಲೋಹ ಯಾವುದೆಂದು ನೋಡಿದವರಾರು? ಐಪಿ68 ಎಂಬ ಜಲನಿರೋಧದ ಮುದ್ರೆಯೂ ಹಾಗೇ. ಅದು ಹೊಸ ಫೋನನ್ನು ಪ್ರಯೋಗಾಲಯದ ಸಿಹಿನೀರಿನಲ್ಲಿ ಮುಳುಗಿಸಿ ಕೊಟ್ಟ ಪ್ರಮಾಣಪತ್ರ. ಅಂಚಿನ ಅಂಟು ಕಾಲಕ್ಕೆ ಸಡಿಲವಾಗುತ್ತದೆ, ಒಮ್ಮೆ ಪರದೆ ಬಿಚ್ಚಿಸಿದರೆ ಕಥೆ ಮುಗಿಯಿತು. ನೀರು ಹೊಕ್ಕರೆ ವಾರಂಟಿ ಅನ್ವಯಿಸದು ಎಂದು ಅದೇ ಕಂಪನಿಯ ಕಾಗದ ಹೇಳುತ್ತದೆ. ಫೋನಿಗೆ ಈಜು ಬರುತ್ತದೆ, ಆದರೆ ಮುಳುಗಿದರೆ ಜವಾಬ್ದಾರಿ ನಿಮ್ಮದು.

ಹಾಗಾದರೆ ಯಾವುದು ಲಾಭ? ಅಗ್ಗದ ಫೋನು, ದುಬಾರಿ ಫೋನು ಎಂದು ವಾದ ಮಾಡುವ ಎರಡೂ ಪಂಗಡಗಳು ಬೆಲೆಯನ್ನು ಡಬ್ಬಿಯ ಮೇಲಿನ ಅಂಕಿಗಳಿಂದ ಭಾಗಿಸುತ್ತವೆ. ಭಾಗಿಸಬೇಕಾದದ್ದು ವರ್ಷಗಳಿಂದ, ಅದರಲ್ಲೂ ಸೆಕ್ಯುರಿಟಿ ಅಪ್‌ಡೇಟ್ ಬರುವ ವರ್ಷಗಳಿಂದ. ಬಜೆಟ್ ಫೋನಿನ ಬೆಲೆ 1 ಎಂದಿಟ್ಟುಕೊಳ್ಳಿ, ಅಪ್‌ಡೇಟ್ 2 ವರ್ಷ, ವರ್ಷಕ್ಕೆ ಅರ್ಧ. ಫ್ಲ್ಯಾಗ್‌ಶಿಪ್ 6 ಎನ್ನಿ, ಅಪ್‌ಡೇಟ್ 7 ವರ್ಷ. ಎರಡೇ ವರ್ಷಕ್ಕೆ ಅರ್ಧ ಬೆಲೆಗೆ ಮಾರಿದರೆ ವರ್ಷಕ್ಕೆ ಒಂದೂವರೆ ಬಿತ್ತು. 7 ವರ್ಷವೂ ಇಟ್ಟುಕೊಂಡು ಎರಡು ಬಾರಿ ಬ್ಯಾಟರಿ ಹಾಕಿಸಿದರೆ, ಒಂದಕ್ಕೆ 0.3ರಂತೆ, ವರ್ಷಕ್ಕೆ 0.94. ನಡುವಿನ ಫೋನು, ಬೆಲೆ 2.5, ಅಪ್‌ಡೇಟ್ 6 ವರ್ಷ, ನಡುವೆ ಒಂದು ಬ್ಯಾಟರಿ: ವರ್ಷಕ್ಕೆ 0.47. ಅಂದರೆ ಅಗ್ಗದ ಫೋನಿಗಿಂತಲೂ ಅಗ್ಗ. ಆದರೆ ಈ ನಡುವಿನ ಫೋನಿನ ಪರವಾಗಿ ಜಗಳವಾಡುವವರು ಒಬ್ಬರೂ ಸಿಗುವುದಿಲ್ಲ. ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟರೆ ಯಾರೂ ತಿರುಗಿ ನೋಡುವುದಿಲ್ಲ, ಅದೇ ಅದರ ದೊಡ್ಡ ಕೊರತೆ.

ಆ ವರ್ಷಗಳ ಎಣಿಕೆಯಲ್ಲೂ ಒಂದು ಕೊಕ್ಕೆ ಇದೆ. ಅಪ್‌ಡೇಟ್ ಗಡಿಯಾರ ಸಾಮಾನ್ಯವಾಗಿ ಫೋನು ಬಿಡುಗಡೆಯಾದ ದಿನದಿಂದ ಓಡುತ್ತದೆ, ನೀವು ಕೊಂಡ ದಿನದಿಂದಲ್ಲ. 2 ವರ್ಷದ ಭರವಸೆಯ ಫೋನು ಬಂದು 18 ತಿಂಗಳಾದ ಮೇಲೆ ‘ಭಾರೀ ರಿಯಾಯಿತಿ’ಯಲ್ಲಿ ಕೊಂಡರೆ ಕೈಗೆ ಸಿಗುವುದು 6 ತಿಂಗಳು. ಕೊಳ್ಳುವ ಮುಂಚೆ ಅಂಗಡಿಯ ಡೆಮೊ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ಸೆಕ್ಯುರಿಟಿ ಪ್ಯಾಚ್ ದಿನಾಂಕ ನೋಡಿ. ಯುರೋಪಿನಲ್ಲಿ ಈ ಆಟಕ್ಕೆ ಸ್ವಲ್ಪ ಕಡಿವಾಣ ಬಿದ್ದಿದೆ: 2025ರ ಜೂನ್ 20ರಿಂದ ಬಂದ ನಿಯಮದಂತೆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು, ಬ್ಯಾಟರಿ 800 ಸುತ್ತಿನ ನಂತರವೂ 80 ಪ್ರತಿಶತ ಶಕ್ತಿ ಉಳಿಸಿಕೊಳ್ಳಬೇಕು. ಸ್ಯಾಮ್‌ಸಂಗ್ 2024ರಲ್ಲಿ ಅಗ್ಗದ ಎ16ಕ್ಕೂ 6 ವರ್ಷದ ಮಾತು ಕೊಟ್ಟಿದೆ. 4 ಜಿಬಿ ರ‍್ಯಾಮ್‌ನ ಮಾದರಿಯಲ್ಲಿ ಆರನೇ ವರ್ಷದ ಆಂಡ್ರಾಯ್ಡ್ ತೆರೆದುಕೊಳ್ಳುವ ಹೊತ್ತಿಗೆ ಏಳನೇ ವರ್ಷ ಬಂದಿರಲೂಬಹುದು, ಆದರೂ ಮಾತು ಮಾತೇ.

7 ವರ್ಷದ ಭರವಸೆಯ ನಿಜವಾದ ಫಲಾನುಭವಿ ಅದನ್ನು ಕೊಂಡವನಲ್ಲ, ಅವನಿಂದ ಕೊಂಡವನು. ಮೊದಲ ಒಡೆಯ ಎರಡನೇ ವರ್ಷಕ್ಕೆ ಬಟನ್ನಿನ ಜಾಗ ಬದಲಾಗಿರುವ ಹೊಸ ಮಾದರಿಗೆ ಮನಸೋಲುತ್ತಾನೆ. ಅರ್ಧ ಬೆಲೆಗೆ, ಅಂದರೆ 3ಕ್ಕೆ ಸಿಕ್ಕ ಆ ಫೋನಿಗೆ 0.3ರ ಬ್ಯಾಟರಿ ಹಾಕಿಸಿದರೆ ಇನ್ನೂ 5 ವರ್ಷ ಬಾಳಿಕೆ, ವರ್ಷಕ್ಕೆ 0.66, ದೊಡ್ಡ ಸೆನ್ಸರ್ ಸಮೇತ. ಕೊಳ್ಳುವಾಗ ನಾಲ್ಕು ಕೆಲಸ ಮಾಡಬೇಕು. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಬಂದ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಡಬ್ಬಿ, ಬಿಲ್ಲು ಎರಡಕ್ಕೂ ಹೊಂದುತ್ತದೆಯೇ ನೋಡಿ. ಬೂದು ಬಣ್ಣದ ಖಾಲಿ ಚಿತ್ರ ತೆರೆದು, ಹೊಳಪು ಇಳಿಸಿ, ಪರದೆಯಲ್ಲಿ ಗೆರೆ ಅಥವಾ ಕೀಬೋರ್ಡಿನ ನೆರಳು ಅಚ್ಚೊತ್ತಿದೆಯೇ ಗಮನಿಸಿ. ಬ್ಯಾಟರಿ ಹೆಲ್ತ್ 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮುರಿದುಕೊಂಡೇ ಚೌಕಾಸಿ ಮಾಡಿ. ಕೊನೆಯದಾಗಿ, ಮಾರುವವನೇ ನಿಮ್ಮೆದುರು ತನ್ನ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಲಾಗೌಟ್ ಆಗಿ ಫೋನನ್ನು ರೀಸೆಟ್ ಮಾಡಲಿ. ಪಾಸ್‌ವರ್ಡ್ ಮರೆತಿದೆ, ಮನೆಗೆ ಹೋಗಿ ಕಳಿಸುತ್ತೇನೆ ಅಂದರೆ ನೀವೂ ದುಡ್ಡನ್ನು ಮನೆಗೆ ಹೋಗಿ ಕಳಿಸುತ್ತೇನೆ ಅನ್ನಿ.