ಶಾಲು ಹೊದಿಸಿದ ಮೇಲೆ ಏನು?

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಿದ್ದಾಗ ಅಕ್ಕನ ಮಗಳು ಬೆಳಗಿನ ಐದೂವರೆಗೇ ನನ್ನನ್ನು ಎಬ್ಬಿಸಿದಳು. "ಮಾಮ, ಬರ್ತೀನಿ ಅಂದಿದ್ರಲ್ಲ, ಏಳಿ." ನಾವು ಶಾಂತಿನಗರದ ಹಾಕಿ ಸ್ಟೇಡಿಯಂ ತಲುಪುವ ಹೊತ್ತಿಗೆ ಟರ್ಫ್‌ಗೆ ನೀರು ಬಿಟ್ಟಾಗಿತ್ತು. ಹುಡುಗಿಯರು ಚಳಿಯಲ್ಲೇ ಓಡುತ್ತಿದ್ದರು. ಅವರ ಕೋಚ್ ಮೇಡಂ ಒಂದು ಕಾಲಕ್ಕೆ ರಾಜ್ಯ ತಂಡಕ್ಕೆ ಆಡಿದವರು. ಕೊರಳಲ್ಲಿ ಒಂದೇ ಟ್ಯಾಗ್‌ಗೆ ವಿಸಲ್ಲೂ ಇತ್ತು, ಆಫೀಸಿನ ಐಡಿ ಕಾರ್ಡೂ ಇತ್ತು. ಎಂಟು ಗಂಟೆಗೆ ವಿಸಲ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡರು. ಕಾರ್ಡ್ ಕೊರಳಲ್ಲೇ ಉಳಿಯಿತು. ಆಟೋ ಹತ್ತಿ ಕೆಲಸಕ್ಕೆ ಹೊರಟರು.

ಕೋಚಿಂಗ್‌ಗೆ ಅವರಿಗೆ ಒಂದು ರೂಪಾಯಿ ಸಂಬಳವಿಲ್ಲ. ಹೊಟ್ಟೆಪಾಡು ಸ್ಪೋರ್ಟ್ಸ್ ಕೋಟಾದಲ್ಲಿ ಸಿಕ್ಕಿದ ಕೆಲಸದಿಂದ. ಮಾರ್ಚ್‌ನಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅಕ್ಕನ ಮಗಳು ಫೋನ್ ಮಾಡಿ ಅತ್ತುಬಿಟ್ಟಳು.

ನಾನಿರುವುದು ಕೆನಡಾದ ಕ್ಯಾಲ್ಗರಿಯಲ್ಲಿ. ಅಲ್ಲಿ ಹಾಕಿ ಅಂದರೆ ಐಸ್ ಹಾಕಿ. ಫೋನ್ ಇಟ್ಟ ಮೇಲೆ ನನಗೆ ನೆನಪಾದವರು ಅಲ್ಲಿನ ಐಸ್ ಹಾಕಿ ಆಟಗಾರ್ತಿ ಡೇನಿಯಲ್ ಗೊಯೆಟ್.

ಗೊಯೆಟ್ ಕ್ವಿಬೆಕ್ ಪ್ರಾಂತ್ಯದ ಸಣ್ಣ ಊರಿನವರು, ಹುಟ್ಟಿದ್ದು 1966ರಲ್ಲಿ. ಹೆಂಗಸರ ಐಸ್ ಹಾಕಿ ಒಲಿಂಪಿಕ್ಸ್‌ಗೆ ಬಂದದ್ದೇ 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಆಗಲೇ ಅವರಿಗೆ 32 ವರ್ಷ. ಕೂಟ ಶುರುವಾಗುವ ಹೊತ್ತಿಗೆ ಅವರ ತಂದೆ ತೀರಿಕೊಂಡರು. ಅವರು ಅಲ್ಲೇ ಉಳಿದು ಆಡಿದರು, 8 ಗೋಲು ಹೊಡೆದರು. ಕೆನಡಾಕ್ಕೆ ಬೆಳ್ಳಿ ಬಂತು. 2002 ಮತ್ತು 2006ರಲ್ಲಿ ಚಿನ್ನ. 2006ರ ಟ್ಯುರಿನ್ ಒಲಿಂಪಿಕ್ಸ್‌ನಲ್ಲಿ ದೇಶದ ಬಾವುಟ ಹಿಡಿದು ಮುಂದೆ ನಡೆದಾಗ ಅವರಿಗೆ 40. ನಮ್ಮಲ್ಲಿ ಆ ವಯಸ್ಸಿನ ಹೆಣ್ಣುಮಗಳು ಇನ್ನೂ ಆಡುತ್ತೇನೆ ಅಂದರೆ ಮನೆಯವರೇ ಸುಮ್ನೆ ಬಿಡುತ್ತಾರಾ?

ಆದರೆ ನನಗೆ ಮುಖ್ಯ ಅನಿಸುವುದು ಪದಕಗಳಲ್ಲ, ಆಮೇಲಿನದ್ದು. 2007ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯ ಅವರನ್ನು ಮಹಿಳಾ ತಂಡದ ಮುಖ್ಯ ಕೋಚ್ ಮಾಡಿತು. ಅದು ಗೌರವದ ಪದವಿಯಲ್ಲ, ಸಂಬಳದ ಕೆಲಸ. ಗೆಲುವು ತಕ್ಷಣ ಬರಲಿಲ್ಲ. ತಂಡ ರಾಷ್ಟ್ರೀಯ ಚಾಂಪಿಯನ್ ಆದದ್ದು 2012ರಲ್ಲಿ. ಅಂದರೆ ಐದು ವರ್ಷ ಅವರನ್ನು ನಂಬಿ ಬಿಟ್ಟಿದ್ದರು. ಆ ತಂಡದಲ್ಲಿ ಹೇಲಿ ವಿಕನ್‌ಹೈಸರ್ ಇದ್ದರು. ಹಿಂದೆ ಗೊಯೆಟ್ ಜೊತೆ ಒಲಿಂಪಿಕ್ಸ್ ಆಡಿದ ದೊಡ್ಡ ಹೆಸರು ಅವರದು. ಈಗ ಅದೇ ಗೆಳತಿಯ ಕೈಕೆಳಗೆ, ಕಾಲೇಜು ಹುಡುಗಿಯರ ನಡುವೆ ಆಡುತ್ತಿದ್ದರು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಕೆನಡಾ ಮತ್ತೆ ಚಿನ್ನ ಗೆದ್ದಾಗ ಗೊಯೆಟ್ ಸಹಾಯಕ ಕೋಚ್. 2017ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದರು. 2021ರಲ್ಲಿ ಟೊರೊಂಟೊ ಮೇಪಲ್ ಲೀಫ್ಸ್, ಅಂದರೆ ಗಂಡಸರ ತಂಡ, ಆಟಗಾರರನ್ನು ಬೆಳೆಸುವ ಕೆಲಸಕ್ಕೆ ಅವರನ್ನು ಕರೆಸಿಕೊಂಡಿತು.

ಬೆಂಗಳೂರಿನಲ್ಲಿ ಇಂಥವರು ಇರಲಿಲ್ಲವೇ? ಇದ್ದರು. ಕುಕ್ ಟೌನ್‌ನ ಎಲ್ವೆರಾ ಬ್ರಿಟ್ಟೊ 1960ರ ದಶಕದಲ್ಲಿ ಮೈಸೂರು ರಾಜ್ಯದ ತಂಡವನ್ನು ಮುನ್ನಡೆಸಿ ವರ್ಷ ವರ್ಷವೂ ರಾಷ್ಟ್ರೀಯ ಪ್ರಶಸ್ತಿ ತಂದರು. ಅವರೂ, ತಂಗಿಯರಾದ ರೀಟಾ ಮತ್ತು ಮೇ ಅವರೂ ಒಂದೇ ತಂಡ. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆಟ ನಿಲ್ಲಿಸಿದ ಮೇಲೂ ಮಹಿಳಾ ಹಾಕಿ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿದರು. 2022ರಲ್ಲಿ ತೀರಿಕೊಂಡರು. ಇಂದು ನಮ್ಮ ಕಾಲೇಜುಗಳ ಎಷ್ಟು ಹುಡುಗಿಯರಿಗೆ ಅವರ ಹೆಸರು ಗೊತ್ತು?

ಕೆನಡಾದಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. ಮಗುವನ್ನು ಐಸ್ ಹಾಕಿಗೆ ಸೇರಿಸಿದರೆ ಸ್ಕೇಟ್, ಪ್ಯಾಡ್, ರಿಂಕ್ ಬಾಡಿಗೆ ಅಂತ ದುಡ್ಡು ನೀರಿನ ಹಾಗೆ ಹೋಗುತ್ತದೆ. ಬಡವರ ಮಕ್ಕಳು ದೂರವೇ ಉಳಿಯುತ್ತಾರೆ. ಶಾಂತಿನಗರದಲ್ಲಿ ಮೇಡಂ ತಮ್ಮ ಹಳೆಯ ಸ್ಟಿಕ್ಕನ್ನು ಒಬ್ಬ ಹುಡುಗಿಗೆ ಕೊಟ್ಟಿದ್ದರು. ಹಿಡಿಗೆ ಹೊಸ ಗ್ರಿಪ್ ಸುತ್ತಿಸಿ ಕೊಟ್ಟಿದ್ದರು. ಆ ಪ್ರೀತಿಯನ್ನು ನಾನು ಕ್ಯಾಲ್ಗರಿಯಲ್ಲಿ ಅಷ್ಟು ಸುಲಭವಾಗಿ ಕಂಡಿಲ್ಲ.

ಆದರೆ ಪ್ರೀತಿ ಇದೆ ಅಂತ ಸಂಬಳ ಕೊಡದೆ ಇರುವುದು ತಪ್ಪು ಅಲ್ವಾ? ನವೆಂಬರಿನ ರಾಜ್ಯೋತ್ಸವದಲ್ಲಿ ಇದೇ ಮೇಡಂಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟಿದ್ದರಂತೆ. ನಾಲ್ಕು ತಿಂಗಳಲ್ಲಿ ಅವರು ಊರಲ್ಲೇ ಇಲ್ಲ. ನಮ್ಮ ಬಹುತೇಕ ಕಾಲೇಜುಗಳಲ್ಲಿ ಎಲ್ಲ ಆಟಕ್ಕೂ ಒಬ್ಬರೇ ದೈಹಿಕ ಶಿಕ್ಷಣದವರು. ಆ ಹುದ್ದೆಗೆ ಎಂ.ಪಿ.ಎಡ್, ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಡಿಗ್ರಿ ಕೇಳುತ್ತಾರೆ. ಹದಿನೈದು ವರ್ಷ ಮೈದಾನದಲ್ಲೇ ಕಳೆದವರ ಹತ್ತಿರ ಆ ಡಿಗ್ರಿ ಎಲ್ಲಿಂದ ಬರಬೇಕು? ಡಿಗ್ರಿ ಬೇಕೇ ಬೇಕು ಅಂದರೆ ಕೆಲಸ ಕೊಟ್ಟು ಓದಿಸಲಿ.

ನಾನು ಓದಿದ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಪತ್ರ ಬರೆದಿದ್ದೇನೆ. ಹಾಕಿ ಆಡಿದ ಒಬ್ಬ ಹೆಣ್ಣುಮಗಳಿಗೆ ಐದು ವರ್ಷದ ಕೋಚ್ ಹುದ್ದೆ ಕೊಡಿ, ಸಂಬಳಕ್ಕೆ ನಾವು ಹಳಬರು ಸೇರಿ ದುಡ್ಡು ಹಾಕೋಣ ಅಂತ. ಉತ್ತರ ಇನ್ನೂ ಬಂದಿಲ್ಲ. ಡಿಸೆಂಬರಿನಲ್ಲಿ ಮತ್ತೆ ಬರುತ್ತಿದ್ದೇನೆ. ಖುದ್ದಾಗಿ ಹೋಗಿ ಕೇಳುತ್ತೇನೆ.