ಸತ್ಯಾಂಶ: 2520 ‘ಜಗತ್ತಿನ ಏಕೈಕ ವಿಚಿತ್ರ ಸಂಖ್ಯೆ’ಯೇ?

‘1ರಿಂದ 10ರವರೆಗಿನ ಎಲ್ಲ ಅಂಕೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಏಕೈಕ ಸಂಖ್ಯೆ 2520. ಕಂಡುಹಿಡಿದವರು ರಾಮಾನುಜನ್. ವಾರದ 7, ತಿಂಗಳ 30, ವರ್ಷದ 12 ಗುಣಿಸಿದರೂ ಇದೇ!’ ಎಂಬ ವಾಟ್ಸ್ಆ್ಯಪ್ ಸಂದೇಶ ಆಗಾಗ ಸುತ್ತು ಹಾಕುತ್ತದೆ.

ಭಾಗವಾಗುವುದು ನಿಜ, ‘ಏಕೈಕ’ ಎಂಬುದು ತಪ್ಪು. 5040, 7560, 10080 ಹೀಗೆ 2520ರ ಮಗ್ಗಿಯಲ್ಲಿ ಬರುವುದೆಲ್ಲವೂ ಭಾಗವಾಗುತ್ತವೆ. ಒಂದು ಲಕ್ಷದೊಳಗೇ ಇಂಥವು 39. ಅವುಗಳಲ್ಲಿ 2520 ಅತಿ ಚಿಕ್ಕದು, ಅಂದರೆ ಶಾಲೆಯಲ್ಲಿ ಕಲಿತ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ).

ಲೆಕ್ಕ ಹೀಗೆ: 8ಕ್ಕಾಗಿ ಮೂರು 2, 9ಕ್ಕಾಗಿ ಎರಡು 3, ಜೊತೆಗೆ ಒಂದು 5, ಒಂದು 7. ಅಂದರೆ 8 × 9 × 5 × 7. ಮಿಕ್ಕ 4, 6, 10 ಇವುಗಳೊಳಗೇ ಅಡಗಿವೆ. ಹತ್ತನ್ನೂ ಸುಮ್ಮನೆ ಗುಣಿಸಿದರೆ 36,28,800 ಬರುತ್ತದೆ. 2, 3, 5ಗಳು ಮತ್ತೆ ಮತ್ತೆ ಸೇರಿ 1440 ಪಟ್ಟು ಉಬ್ಬಿದ ಉತ್ತರವದು.

ಕ್ಯಾಲೆಂಡರಿನ ನಂಟು ಕಾಕತಾಳೀಯ. 30 ಎಂದರೆ 2 × 3 × 5, 12 ಎಂದರೆ 2 × 2 × 3. 7 ಸೇರಿದರೆ ಅದೇ ಸಾಮಗ್ರಿ. ನಿಜವಾದ ವರ್ಷದ 365 ದಿನಗಳನ್ನು 7ರಿಂದ ಗುಣಿಸಿ ನೋಡಿ: 2555. ಅದು 2ರಿಂದಲೂ ಭಾಗವಾಗದು.

ಲ.ಸಾ.ಅ. ಕಂಡುಹಿಡಿಯುವ ವಿಧಾನ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನಲ್ಲೇ ಇದೆ. ರಾಮಾನುಜನ್ 1915ರಲ್ಲಿ ಬರೆದದ್ದು, ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗಳ ಬಗ್ಗೆ. 48 ಭಾಜಕಗಳ 2520 ಆ ಸಾಲಿಗೆ ಸೇರುತ್ತದೆ. ಸಂದೇಶದ ಎಳೆ ಬಹುಶಃ ಅಲ್ಲಿಯದು.

20ರವರೆಗೆ ಬೇಕೆಂದರೆ 2520ಕ್ಕೆ 11, 13, 17, 19 ಮತ್ತು (16ಕ್ಕಾಗಿ) ಇನ್ನೊಂದು 2 ಗುಣಿಸಿ: 23,27,92,560.