ವಿಂಡೋಸ್ ಅಪ್‌ಡೇಟ್ ‘ಶಾಶ್ವತ ಬಂದ್’: ಒಂದು ಸ್ಪಷ್ಟನೆ

‘ಸರ್ವೀಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಡಿಸೇಬಲ್ ಮಾಡಿ, ಇನ್ನೆಂದೂ ಅಪ್‌ಡೇಟ್ ಬರಲ್ಲ’ ಎಂಬ ಸಂದೇಶ ಚಿಕ್ಕಮಗಳೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ‘ಇನ್ನೆಂದೂ’ ಎನ್ನುವುದು ಸುಳ್ಳು. ವಿಂಡೋಸ್ 10 ಮತ್ತು 11ರಲ್ಲಿ ‘ಅಪ್‌ಡೇಟ್ ಮೆಡಿಕ್’ ಎಂಬ ಇನ್ನೊಂದು ಸರ್ವೀಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇದೆ. ಅಪ್‌ಡೇಟ್ ವ್ಯವಸ್ಥೆ ಕೆಟ್ಟರೆ ರಿಪೇರಿ ಮಾಡುವುದೇ ಅದರ ಕೆಲಸ. ನೀವು ನಿಲ್ಲಿಸಿದ್ದನ್ನು ಅದು ಮತ್ತೆ ಶುರು ಮಾಡಬಹುದು. ಅಷ್ಟರೊಳಗೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಆ್ಯಪ್ ಹಾಕಲು ಹೋದರೆ ಎರರ್ ಬರುತ್ತದೆ.

ಮೂಡಿಗೆರೆ, ಕೊಪ್ಪದ ತೋಟದ ಮನೆಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರಿಗೆ ನಿಜವಾದ ತಲೆನೋವು ದಿನದ ಡೇಟಾ ಖಾಲಿಯಾಗುವುದು. ಅದಕ್ಕೆ ಮದ್ದು ಬೇರೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ, ಅಲ್ಲಿ ನಿಮ್ಮ ಹಾಟ್‌ಸ್ಪಾಟ್‌ನ ಪ್ರಾಪರ್ಟೀಸ್ ತೆರೆದು ‘ಮೀಟರ್ಡ್ ಕನೆಕ್ಷನ್’ (ಡೇಟಾ ಮಿತಿ ಇರುವ ಸಂಪರ್ಕ ಎಂಬ ಗುರುತು) ಆನ್ ಮಾಡಿ. ಬಳಿಕ ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮೀಟರ್ಡ್ ಕನೆಕ್ಷನ್ ಮೇಲೂ ಡೌನ್‌ಲೋಡ್ ಮಾಡುವ ಸ್ವಿಚ್ ಆಫ್ ಇದೆಯೇ ನೋಡಿ; ಹೆಚ್ಚಿನವರು ಎಡವುವುದು ಇಲ್ಲೇ. ‘ಮೀಟರ್ಡ್’ ಸೆಟ್ಟಿಂಗ್ ಒಂದೊಂದು ನೆಟ್‌ವರ್ಕ್‌ಗೂ ಪ್ರತ್ಯೇಕ. ಫೋನ್ ಬದಲಾಗಿ ಹಾಟ್‌ಸ್ಪಾಟ್ ಹೆಸರು ಬದಲಾದರೆ ಮತ್ತೆ ಮಾಡಬೇಕು.

ತಾತ್ಕಾಲಿಕವಾಗಿ ಸಾಕೆಂದರೆ ‘ಪಾಝ್ ಅಪ್‌ಡೇಟ್ಸ್’ ಒತ್ತಿ 5 ವಾರದವರೆಗೆ ತಡೆಯಬಹುದು. ಪ್ರೊ ಆವೃತ್ತಿಯಲ್ಲಿ ವಿಂಡೋಸ್‌ನ ನಿಯಮಗಳನ್ನು ಬದಲಿಸುವ ಗ್ರೂಪ್ ಪಾಲಿಸಿ ಎಡಿಟರ್ ಇದೆ: ‘ಕಾನ್ಫಿಗರ್ ಆಟೋಮ್ಯಾಟಿಕ್ ಅಪ್‌ಡೇಟ್ಸ್’ನಲ್ಲಿ 2ನೇ ಆಯ್ಕೆ ಕೊಟ್ಟರೆ ಡೌನ್‌ಲೋಡ್‌ಗೂ ಮೊದಲು ನಿಮ್ಮನ್ನು ಕೇಳುತ್ತದೆ. ಹೋಮ್ ಆವೃತ್ತಿಯಲ್ಲಿ ಈ ಎಡಿಟರ್ ಇರುವುದಿಲ್ಲ.

ಸಂದೇಶದ ಜೊತೆ ‘ಒಂದೇ ಕ್ಲಿಕ್‌ಗೆ ಬಂದ್’ ಎಂಬ ಫೈಲ್ ಬಂದಿದ್ದರೆ ತೆರೆಯದೆ ಅಳಿಸಿ. ಅಡ್ಮಿನ್ ಅನುಮತಿ ಕೇಳುವ ಅಪರಿಚಿತ ಫೈಲ್ ಅಪ್‌ಡೇಟ್‌ಗಿಂತ ದೊಡ್ಡ ಅಪಾಯ.